ಎರಡು ಮುಖದ ಸ್ಟೆತೊಸ್ಕೋಪ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಈ ಸ್ಟೆತೊಸ್ಕೋಪನ್ನು ಕೊಂಡಾಗ ನಾನು ಯಾವ ವೈದ್ಯಕೀಯ ಕಾಲೇಜಿಗೂ ಅರ್ಜಿ ಹಾಕಿರಲಿಲ್ಲ. ಈಗಲೂ ನಾನು ವೈದ್ಯ ವಿದ್ಯಾರ್ಥಿನಿಯಲ್ಲ. ಆ ದಾರಿ ನನ್ನದೇ ಹೌದೇ ಎಂದು ತೂಗಿ ನೋಡುತ್ತಿರುವವಳು. ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ, ಸಂಜೆ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೈಖರ್ಚಿನ ಹಣವನ್ನು ನಾನೇ ಸಂಪಾದಿಸುತ್ತೇನೆ, ವಾರಕ್ಕೊಮ್ಮೆ ಒಂದು ಚಿಕಿತ್ಸಾಲಯದ ಹೊರರೋಗಿ ವಿಭಾಗದಲ್ಲಿ ಸ್ವಯಂಸೇವಕಿಯಾಗಿ ಕುಳಿತುಕೊಳ್ಳುತ್ತೇನೆ. ನನ್ನಂತೆಯೇ ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತಜ್ಞರ ತೀರ್ಪು ಬೇಕಾದವರು ತಜ್ಞರನ್ನೇ ಕೇಳಬೇಕು.

ಮೊದಲು ವಸ್ತುವಿನ ವಿಷಯ. ಎದೆಯ ಮೇಲೆ ಇಡುವ ಭಾಗ ಸ್ಟೇನ್‌ಲೆಸ್ ಸ್ಟೀಲಿನದು. ಒಂದು ಬದಿಯಲ್ಲಿ ಅಗಲವಾದ, ಬಿಗಿದ ಪೊರೆಯಿರುವ ಡಯಾಫ್ರಂ. ಇನ್ನೊಂದು ಬದಿಯಲ್ಲಿ ಬಟ್ಟಲಿನಂತೆ ಕುಳಿಯಿರುವ ಚಿಕ್ಕ ಬೆಲ್. ಕಪ್ಪು ಕೊಳವೆ, ಕಿವಿಗೆ ಮೆದು ತುದಿಗಳು. ಪೆಟ್ಟಿಗೆಯಲ್ಲಿ ಒಂದು ಹೆಚ್ಚುವರಿ ಪೊರೆ ಮತ್ತು ಇನ್ನೊಂದು ಜೊತೆ ಕಿವಿತುದಿಗಳಿದ್ದವು. ಲೋಹದ ಭಾಗವನ್ನು ಬೆರಳಿನಿಂದ ತಿರುಗಿಸಿದರೆ ಸಣ್ಣಗೆ ಕಟಕ್ ಎನ್ನುತ್ತದೆ. ಆಗ ಒಂದು ಮುಖದ ದಾರಿ ಮುಚ್ಚಿ ಇನ್ನೊಂದರ ದಾರಿ ತೆರೆಯುತ್ತದೆ. ಮೊದಲ ದಿನ ಅರ್ಧ ಗಂಟೆ ಏನೂ ಕೇಳಿಸದೆ, ಕೆಟ್ಟ ಮಾಲು ಬಂದಿದೆ ಎಂದು ನಾನು ನಿರ್ಧರಿಸಿಯೇ ಬಿಟ್ಟಿದ್ದೆ. ನಿಜದಲ್ಲಿ ಡಯಾಫ್ರಮನ್ನು ಎದೆಗೆ ಒತ್ತಿಕೊಂಡು ಬೆಲ್‌ನ ದಾರಿಯನ್ನು ತೆರೆದಿಟ್ಟಿದ್ದೆ. ಕಿವಿಗೆ ಹಾಕಿಕೊಂಡ ಮೇಲೆ ಪೊರೆಯನ್ನು ಉಗುರಿನಿಂದ ಮೆಲ್ಲಗೆ ಒಮ್ಮೆ ತಟ್ಟಿ ನೋಡಿ. ಯಾವ ಮುಖ ಎಚ್ಚರವಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಕಿವಿತುದಿಗಳು ಮೂಗಿನ ಕಡೆಗೆ, ಅಂದರೆ ಮುಂದಕ್ಕೆ ಬಾಗಿರಬೇಕು, ಏಕೆಂದರೆ ನಮ್ಮ ಕಿವಿಯ ನಾಳ ಇರುವುದೇ ಹಾಗೆ. ಹಿಂದುಮುಂದಾಗಿ ಹಾಕಿಕೊಂಡರೆ ಅರ್ಧ ಧ್ವನಿ ಅಲ್ಲಿಯೇ ಸತ್ತುಹೋಗುತ್ತದೆ.

ಇನ್ನು ಹಣದ ಮಾತು. ನನ್ನ ಗಳಿಕೆ ಪ್ರತಿ ತಿಂಗಳೂ ಒಂದೇ ಸಮನಾಗಿರುವುದಿಲ್ಲ. ಪರೀಕ್ಷೆಯ ಮುಂಚಿನ ತಿಂಗಳಲ್ಲಿ ಪಾಠಕ್ಕೆ ಬರುವ ಮಕ್ಕಳು ಹೆಚ್ಚು, ರಜೆ ಬಂದರೆ ಯಾರೂ ಇಲ್ಲ. ಆದ್ದರಿಂದ ಕಳೆದ ವರ್ಷ ಗೆರೆಯಿರುವ ಒಂದು ದಪ್ಪ ಪುಸ್ತಕ ಮತ್ತು ಐದು ಲಕೋಟೆಗಳಿಂದ ಲೆಕ್ಕ ಶುರುಮಾಡಿದೆ. ಕೈಗೆ ಬಂದ ಹಣ ಬಂದ ದಿನವೇ ಲಕೋಟೆಗಳಿಗೆ ಹಂಚಿಹೋಗಬೇಕು, ಹಂಚದೆ ಉಳಿದದ್ದು ಎಂಬುದು ಇರಬಾರದು ಎಂಬುದೇ ನಿಯಮ. ಓಡಾಟ, ಪುಸ್ತಕ, ಫೋನು, ಆಪತ್ತಿನ ಹಣ, ಮತ್ತು ಐದನೆಯದರ ಮೇಲೆ ಸುಮ್ಮನೆ 'ಕೇಳಲು' ಎಂದು ಬರೆದಿದ್ದೆ. ಆ ಐದನೆಯ ಲಕೋಟೆಗೆ ಗಳಿಕೆಯ 15%. ಅದು ತುಂಬಲು ಏಳು ತಿಂಗಳು ಹಿಡಿಯಿತು. ಎರಡು ತಿಂಗಳು ಅದಕ್ಕೆ ಏನೂ ಬೀಳಲಿಲ್ಲ. ಆ ಎರಡು ಪುಟಗಳಲ್ಲಿ ಬರೆದ ಸೊನ್ನೆಗಳನ್ನು ನಾನು ಇಂದಿಗೂ ಹರಿದು ಹಾಕಿಲ್ಲ.

ಆ ಏಳು ತಿಂಗಳು ವ್ಯರ್ಥವಾಗಲಿಲ್ಲ. ಮೂರು ಬಗೆಯ ಸ್ಟೆತೊಸ್ಕೋಪುಗಳನ್ನು ಹೋಲಿಸಿ ನೋಡಲು ಸಮಯ ಸಿಕ್ಕಿತು. ತೀರಾ ಅಗ್ಗದ್ದರ ಬೆಲೆಯನ್ನು ಒಂದು ಪಾಲು ಎಂದುಕೊಳ್ಳಿ. ನಾನು ಕೊಂಡದ್ದು ನಾಲ್ಕು ಪಾಲು. ಹೃದ್ರೋಗ ತಜ್ಞರು ಬಳಸುವಂಥದ್ದು ಹನ್ನೆರಡು ಪಾಲು. ಅಗ್ಗದ್ದರ ಕೊಳವೆ ತೆಳು, ತುದಿಗಳು ಗಟ್ಟಿ ಪ್ಲಾಸ್ಟಿಕ್. ವರ್ಷಕ್ಕೊಂದು ಬದಲಿಸಬೇಕಾಗುತ್ತದೆ ಎಂದು ಚಿಕಿತ್ಸಾಲಯದ ದಾದಿಯೊಬ್ಬರು ಹೇಳಿದರು. ಅಂದರೆ ವರ್ಷಕ್ಕೆ ಒಂದು ಪಾಲು. ನನ್ನದಕ್ಕೆ ಐದು ವರ್ಷದ ಖಾತರಿ ಇತ್ತು, ಅಲ್ಲಿಗೆ ವರ್ಷಕ್ಕೆ 0.8 ಪಾಲು. ದುಬಾರಿಯದಕ್ಕೆ ಏಳು ವರ್ಷದ ಖಾತರಿ, ವರ್ಷಕ್ಕೆ ಸುಮಾರು 1.7 ಪಾಲು. ಮಧ್ಯದ್ದೇ ಗೆದ್ದಿತು ಎಂದು ಖುಷಿಪಟ್ಟು ಅಪ್ಪನಿಗೆ ಪುಸ್ತಕ ತೋರಿಸಿದೆ. ಅಪ್ಪ ಲೆಕ್ಕವನ್ನು ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದರು: "ಎರಡು ವರ್ಷದಲ್ಲಿ ನಿನ್ನ ಮನಸ್ಸು ಬದಲಾದರೆ?"

ಹಾಗಾದರೆ ವರ್ಷಕ್ಕೆ ಎರಡು ಪಾಲು. ಅಗ್ಗದ್ದಕ್ಕಿಂತ ದುಪ್ಪಟ್ಟು. ಆ ಸಾಲನ್ನೂ ಬರೆದೆ. ವಸ್ತು ಎಷ್ಟು ಬಾಳುತ್ತದೆ ಎಂಬುದರ ಜೊತೆಗೆ ನನ್ನ ನಿಶ್ಚಯ ಎಷ್ಟು ಬಾಳುತ್ತದೆ ಎಂಬುದೂ ಬೆಲೆಯ ಒಂದು ಭಾಗ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಹಣ ಲಕೋಟೆಯಲ್ಲಿ ಪೂರ್ತಿ ಇದ್ದರೂ ಇನ್ನೊಂದು ತಿಂಗಳು ಕಾದೆ.

ಆ ತಿಂಗಳಲ್ಲಿ ಮಾಡಿದ ಕೆಲಸವನ್ನು ಎಲ್ಲರೂ ಮಾಡಬೇಕು ಎಂದು ಮನಸಾರೆ ಹೇಳುತ್ತೇನೆ. 1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಎಂಬ ವೈದ್ಯರ ಬಳಿಗೆ ಹೃದಯದ ತೊಂದರೆಯಿದ್ದ ಯುವತಿಯೊಬ್ಬಳು ಬಂದಳು. ಆಗೆಲ್ಲ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುತ್ತಿದ್ದರು. ಅವಳ ವಿಷಯದಲ್ಲಿ ಹಾಗೆ ಮಾಡುವುದು ಅವರಿಗೆ ಸಂಕೋಚವೆನಿಸಿತು. ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಹಚ್ಚಿದರು. ಬರಿಗಿವಿಗಿಂತ ಸ್ಪಷ್ಟವಾಗಿ ಹೃದಯ ಕೇಳಿಸಿತು. ಆಮೇಲೆ ಅವರು ಮರದ ಕೊಳವೆ ಮಾಡಿಕೊಂಡರು, 1819ರಲ್ಲಿ ತಮ್ಮ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದರು. ಎರಡು ಕಿವಿಗೂ ಕೇಳಿಸುವ ಬಗೆ ಬಂದದ್ದು 1850ರ ದಶಕದಲ್ಲಿ.

ನಾನು ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಸುತ್ತಿ ದಾರ ಕಟ್ಟಿದೆ. ರಾತ್ರಿ ಫ್ಯಾನ್ ನಿಲ್ಲಿಸಿ, ಬಾಗಿಲು ಮುಚ್ಚಿ, ಮಲಗಿದ್ದ ತಮ್ಮನ ಎದೆಯ ಎಡಭಾಗದಲ್ಲಿ ಅದನ್ನು ಇಟ್ಟೆ. ಮೊದಲು ಕೇಳಿದ್ದು ಅಂಗಿ ಉಜ್ಜುವ ಸರಸರ ಸದ್ದು. ಅಂಗಿ ಸರಿಸಿ, ಉಸಿರು ಹಿಡಿದು ಕಾದೆ. ದೂರದ ಕೋಣೆಯಲ್ಲಿ ಯಾರೋ ಮೆತ್ತನೆಯ ಹೆಜ್ಜೆ ಹಾಕಿದಂತೆ ಎರಡು ಸದ್ದು, ಒಂದು ಬಿಡುವು, ಮತ್ತೆ ಎರಡು ಸದ್ದು. ಖರ್ಚು ಸೊನ್ನೆ. ಆ ಸುರುಳಿ ನನಗೆ ಸಾಕಾಗುತ್ತದೆಯೇ ಎಂದು ಮೂರು ವಾರ ಪರೀಕ್ಷಿಸಿದೆ. ಲಬ್-ಡಬ್ ಕೇಳಲು ಸಾಕು, ಅದರಾಚೆಗೆ ಸಾಲದು. ಆದರೆ ಮೂರು ವಾರವೂ ಪ್ರತಿ ರಾತ್ರಿ ಅದನ್ನು ಕೈಗೆತ್ತಿಕೊಂಡೆ ಎಂಬುದು ನನಗೆ ಮುಖ್ಯವಾಗಿತ್ತು. ಒಂದು ವಾರಕ್ಕೇ ಅದು ಮೂಲೆ ಸೇರಿದ್ದರೆ ಹಣ ಲಕೋಟೆಯಲ್ಲಿಯೇ ಇರುತ್ತಿತ್ತು. ಚಿಕಿತ್ಸಾಲಯದ ನನ್ನ ಶನಿವಾರಗಳನ್ನೂ ನಾನು ಹಾಗೆಯೇ ನೋಡುತ್ತೇನೆ: ಒಂದು ದೊಡ್ಡ ವೆಚ್ಚಕ್ಕೆ ಮುಂಚೆ ಕಾಗದದ ಸುರುಳಿ.

ಕೊಂಡ ಮೇಲೆ ವ್ಯತ್ಯಾಸ ಎಷ್ಟು? ಬಹಳ. ಹೃದಯದ ಮೊದಲ ಸದ್ದು ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟಗಳು ಮುಚ್ಚಿಕೊಳ್ಳುವಾಗಿನದು, ಎರಡನೆಯದು ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟಗಳದು. ಪುಸ್ತಕದಲ್ಲಿ ಇದನ್ನು ಓದಿ ಅಂಕ ಗಳಿಸಿದ್ದೆ. ಆದರೆ ಕಿವಿಗೆ ಬಿದ್ದಾಗ ಯಾವುದು ಮೊದಲನೆಯದು ಎಂದು ಗುರುತಿಸಲು ಎರಡು ವಾರ ಬೇಕಾಯಿತು. ಚಿಕಿತ್ಸಾಲಯದ ವೈದ್ಯೆ ಒಂದು ಉಪಾಯ ತೋರಿಸಿದರು: ಕೇಳುತ್ತಲೇ ಕತ್ತಿನ ನಾಡಿಯ ಮೇಲೆ ಬೆರಳಿಡು, ಬಡಿತ ಬೆರಳಿಗೆ ತಗಲುವಾಗ ಕೇಳಿಸುವುದೇ ಮೊದಲನೆಯದು. ವಿಶ್ರಾಂತಿಯಲ್ಲಿರುವವರಲ್ಲಿ ಎರಡನೆಯ ಸದ್ದಿನ ನಂತರದ ಬಿಡುವು ಉದ್ದ ಎಂಬ ಇನ್ನೊಂದು ಗುರುತೂ ಇದೆ.

ಡಯಾಫ್ರಂ ಎತ್ತರದ ಸ್ವರಗಳಿಗೆ, ಬೆಲ್ ತಗ್ಗಿನ ಸ್ವರಗಳಿಗೆ. ಬೆಲ್ಲನ್ನು ಚರ್ಮದ ಮೇಲೆ ತೇಲಿಸಿದಂತೆ ಇಡಬೇಕು. ಒತ್ತಿದರೆ ಅದರಡಿಯ ಚರ್ಮವೇ ಬಿಗಿದ ಪೊರೆಯಾಗಿ, ಬೆಲ್ ಎಂಬುದು ಇನ್ನೊಂದು ಡಯಾಫ್ರಂ ಆಗಿಬಿಡುತ್ತದೆ. ಈಗ ಬರುವ ಕೆಲವು ಮಾದರಿಗಳಲ್ಲಿ ಒಂದೇ ಮುಖವಿದ್ದು, ಕೈಯ ಒತ್ತಡ ಬದಲಿಸಿದರೆ ಎರಡೂ ಕೆಲಸ ಮಾಡುತ್ತವೆ. ಅನುಭವಿಗಳಿಗೆ ಅದು ಸಲೀಸು. ಕಲಿಯುವವರಿಗೆ ಬೇರೆ ಬೇರೆ ಮುಖಗಳಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಯಾವ ಮುಖ ಏಕೆ ಎಂದು ಪ್ರತಿ ಸಲವೂ ಯೋಚಿಸಬೇಕಾಗುತ್ತದೆ.

ಈ ವಸ್ತು ತನ್ನ ನಾಲ್ಕು ಪಾಲನ್ನೂ ಒಂದೇ ಸಂಜೆ ತೀರಿಸಿತು ಎಂದು ನನಗೆ ಅನ್ನಿಸಿದ ಸಂದರ್ಭವೊಂದಿದೆ. ತಮ್ಮನ ಎದೆಯ ಮೇಲ್ಭಾಗದಲ್ಲಿ, ಎಡಗಡೆಯ ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ನಡುವೆ ಡಯಾಫ್ರಂ ಇಟ್ಟು ಆಲಿಸುತ್ತಿದ್ದೆ. "ನಿಧಾನವಾಗಿ ಉಸಿರು ಎಳೆದುಕೋ" ಎಂದೆ. ಅವನು ಎಳೆದುಕೊಂಡ. ಒಂದೇ ಆಗಿದ್ದ 'ಡಬ್' ಬಿರಿಯಿತು, 'ಡ-ಡಬ್' ಆಯಿತು. ಉಸಿರು ಬಿಟ್ಟ, ಮತ್ತೆ ಒಂದಾಯಿತು. ಉಸಿರು ಎಳೆದಾಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಹರಿದು ಬರುತ್ತದೆ, ಅದನ್ನು ಹೊರದಬ್ಬಲು ತುಸು ಹೆಚ್ಚು ಹೊತ್ತು ಬೇಕು, ಹಾಗಾಗಿ ಪಲ್ಮನರಿ ಕವಾಟ ತಡವಾಗಿ ಮುಚ್ಚುತ್ತದೆ. ಆರೋಗ್ಯವಂತ ಮಕ್ಕಳಲ್ಲಿ, ಯುವಕರಲ್ಲಿ ಇದು ಸಹಜ. ಆ ಕ್ಷಣದಲ್ಲಿ ನನಗೆ ಕಾರಣಗಳೆಲ್ಲ ನೆನಪಾಗಲಿಲ್ಲ. ಹತ್ತು ವರ್ಷದ ಹುಡುಗನೊಬ್ಬನ ಉಸಿರಿಗೆ ತಕ್ಕಂತೆ ಎರಡು ಬಾಗಿಲುಗಳು ಬೇರೆ ಬೇರೆ ಗಳಿಗೆಯಲ್ಲಿ ಮುಚ್ಚುವುದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಅವನು "ಏನಾಯಿತು, ಯಾಕೆ ಅಳುತ್ತಿದ್ದೀಯೆ?" ಎಂದು ಕೇಳಿದ.

ಶ್ವಾಸಕೋಶಕ್ಕೂ ಇದು ಚೆನ್ನಾಗಿ ಒದಗುತ್ತದೆ. ಒಂದು ಶನಿವಾರ, ವೃದ್ಧ ರೋಗಿಯೊಬ್ಬರ ಒಪ್ಪಿಗೆ ಪಡೆದು, ವೈದ್ಯೆ ನನ್ನ ಸ್ಟೆತೊಸ್ಕೋಪನ್ನೇ ಅವರ ಬೆನ್ನಿನ ಕೆಳಭಾಗದಲ್ಲಿ ಇಡಿಸಿದರು. ಉಸಿರಿನ ಕೊನೆಯಲ್ಲಿ ಚಿಟಿಚಿಟಿ ಎಂಬ ಸಣ್ಣ ಸದ್ದು. ಕಿವಿಯ ಪಕ್ಕದ ಕೂದಲನ್ನು ಬೆರಳುಗಳ ನಡುವೆ ಉಜ್ಜಿದರೆ ಬರುವಂಥದ್ದೇ. ರಕ್ತದೊತ್ತಡ ಅಳೆಯಲು ಮೊಣಕೈಯ ಒಳಬದಿಯಲ್ಲಿ ಇಟ್ಟು ಕೇಳುವುದಕ್ಕೂ ಯಾವ ತೊಂದರೆಯಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ಮೊದಲು ಕೇಳುವ ಬಡಿತ ಮೇಲಿನ ಅಂಕಿ, ಬಡಿತ ಮಾಯವಾಗುವುದು ಕೆಳಗಿನ ಅಂಕಿ. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ತಿಳಿಸಿದ ಈ ವಿಧಾನವನ್ನು ಇಂದಿಗೂ ಕಲಿಸುತ್ತಾರೆ.

ದೋಷಗಳನ್ನೂ ಹೇಳಲೇಬೇಕು. ಒಂಬತ್ತನೆಯ ತಿಂಗಳಲ್ಲಿ ಡಯಾಫ್ರಮ್ಮಿನ ಅಂಚಿನ ಉಂಗುರ ಬಿರುಕು ಬಿಟ್ಟಿತು, ಒಳಗೆ ಗಾಳಿ ಸೋರಿ ಧ್ವನಿ ಮಂಕಾಯಿತು. ಪೆಟ್ಟಿಗೆಯಲ್ಲಿ ಪೊರೆ ಇತ್ತೇ ಹೊರತು ಉಂಗುರ ಇರಲಿಲ್ಲ. ಮಾರಿದವರಿಗೆ ಬರೆದೆ. ಖಾತರಿಯಿದೆ ಎಂದು ಒಪ್ಪಿದರು, ಆದರೆ ಮೊದಲು ಕಳಿಸಿದ ಉಂಗುರ ಬೇರೆ ಅಳತೆಯದು. ಅದನ್ನು ಹಿಂದಿರುಗಿಸಿ ಸರಿಯಾದದ್ದು ಕೈಸೇರುವಾಗ ಐದು ವಾರ ಕಳೆದಿದ್ದವು. ಐದು ವರ್ಷದ ಖಾತರಿ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವವರು ಬಿಡಿಭಾಗಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಆ ಐದು ವಾರ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಕೊಳ್ಳುವ ಮುಂಚೆ ಪೊರೆ, ಉಂಗುರ, ಕಿವಿತುದಿ ಮೂರೂ ಬಿಡಿಯಾಗಿ ಸಿಗುತ್ತವೆಯೇ, ಎಷ್ಟಕ್ಕೆ ಸಿಗುತ್ತವೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಕೊಳವೆಯೂ ತುಸು ಗಡುಸಾಗಿದೆ. ಇದರಲ್ಲಿ ನನ್ನ ತಪ್ಪೂ ಇದೆ. ಕತ್ತಿಗೆ ನೇತುಹಾಕಿಕೊಳ್ಳುವ ಆಸೆಯಿಂದ ಮೊದಲ ತಿಂಗಳುಗಳಲ್ಲಿ ಬರಿ ಚರ್ಮಕ್ಕೆ ತಗಲುವಂತೆ ಹಾಕಿಕೊಳ್ಳುತ್ತಿದ್ದೆ. ಪಿವಿಸಿ ಕೊಳವೆ ಚರ್ಮದ ಜಿಡ್ಡನ್ನು ಹೀರಿಕೊಂಡು ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಅಂಗಿಯ ಕಾಲರಿನ ಮೇಲಿರಲಿ, ಇಲ್ಲವೇ ಚೀಲದಲ್ಲಿರಲಿ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮುಂಚೆ 70% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿದ ಬಟ್ಟೆಯಿಂದ ಪೊರೆಯನ್ನು ಒರೆಸಬೇಕು, ದ್ರವದಲ್ಲಿ ಮುಳುಗಿಸಬಾರದು. ಒರೆಸದ ಪೊರೆ ರೋಗಾಣುಗಳನ್ನು ಹೊತ್ತೊಯ್ಯುತ್ತದೆ. ಮನೆಯವರ ಮೇಲೆ ಮಾತ್ರ ಬಳಸಿದರೂ ಈ ಅಭ್ಯಾಸವನ್ನು ಬಿಡಬೇಡಿ.

ಇದನ್ನು ಕೊಳ್ಳುವವರು ಇನ್ನೊಂದಕ್ಕೆ ಸಿದ್ಧರಾಗಿರಬೇಕು. ಕೈಯಲ್ಲಿ ಸ್ಟೆತೊಸ್ಕೋಪ್ ಕಂಡರೆ ಜನ ಎದೆ ತೋರಿಸುತ್ತಾರೆ. ಅಜ್ಜನ ಹೃದಯ ನಡುನಡುವೆ ಒಂದು ಬಡಿತವನ್ನು ಅವಸರದಲ್ಲಿ ಮುಗಿಸಿ, ಆಮೇಲೆ ಸುಧಾರಿಸಿಕೊಂಡು ಮುಂದೆ ಹೋಗುವುದು ನನಗೆ ಕೇಳಿಸಿತು. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ತಿಳಿದಂತೆ ನಟಿಸಲು ಮನಸ್ಸಾಗಲಿಲ್ಲ, ಹೆದರಿಸಲೂ ಬಾರದು. "ಬಡಿತ ಒಂದೆರಡು ಕಡೆ ಸಮನಾಗಿಲ್ಲ ಅನ್ನಿಸುತ್ತಿದೆ, ಇದರ ಅರ್ಥ ನನಗೆ ಗೊತ್ತಿಲ್ಲ, ಡಾಕ್ಟರ ಹತ್ತಿರ ಹೋಗೋಣ" ಎಂದೆ. ಇಸಿಜಿ ತೆಗೆಸಿದರು, ಹೆಚ್ಚುವರಿ ಬಡಿತಗಳು, ಅವರ ಮಟ್ಟಿಗೆ ಚಿಂತೆಗೆ ಕಾರಣವಿಲ್ಲ ಎಂದರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೈದ್ಯರಿಗೆ ಇಂಥ ಮುಖಗಳು ದಿನವೂ ಎದುರಾಗುತ್ತವೆ ಎಂಬುದು ಅಂದು ಮನಸ್ಸಿಗೆ ಇಳಿಯಿತು. ಅದಕ್ಕೂ ನಾನು ಹಿಂದೆಗೆಯಲಿಲ್ಲ ಎಂಬುದನ್ನೂ ಬರೆದಿಟ್ಟೆ.

ಲೆಕ್ಕದ ಪುಸ್ತಕದಲ್ಲಿ ಸ್ಟೆತೊಸ್ಕೋಪಿನ ಪುಟದ ಹಿಂದೆಯೇ ಈಗ ದೊಡ್ಡ ಲೆಕ್ಕವೊಂದು ಶುರುವಾಗಿದೆ. ಹಲವು ದೇಶಗಳಲ್ಲಿ ಶಾಲೆ ಮುಗಿದೊಡನೆ ಐದಾರು ವರ್ಷದ ವೈದ್ಯಕೀಯ ಶಿಕ್ಷಣ, ಕೆಲವೆಡೆ ಮೊದಲು ಒಂದು ಪದವಿ, ಆಮೇಲೆ ನಾಲ್ಕು ವರ್ಷ. ತಜ್ಞರಾಗಬೇಕಾದರೆ ಅದರ ಮೇಲೆ ಇನ್ನೂ ಕೆಲವು ವರ್ಷ. ಜೊತೆಯವರು ಸಂಬಳ ಎಣಿಸುವಾಗ ನಾನು ಸಾಲ ಎಣಿಸಬೇಕು. ಆರು ವರ್ಷ, ಪ್ರತಿ ವರ್ಷದ ಆರಂಭದಲ್ಲಿ ನೂರರಂತೆ ಸಾಲ, 9% ಬಡ್ಡಿ ಎಂದು ಹಿಡಿದು ಕೈಯಲ್ಲೇ ಗುಣಿಸಿದೆ. ಏನನ್ನೂ ಕಟ್ಟದೆ ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ, ಪಡೆದ ಆರುನೂರು ಆರನೆಯ ವರ್ಷದ ಕೊನೆಗೆ ಸುಮಾರು 820 ಆಗುತ್ತದೆ. ಮೊದಲ ವರ್ಷದ ನೂರು ಒಂದೇ 168 ಮುಟ್ಟುತ್ತದೆ. ಆಯಾ ವರ್ಷದ ಬಡ್ಡಿಯನ್ನು ಆಗಾಗಲೇ ಕಟ್ಟುತ್ತ ಬಂದರೆ ಬಡ್ಡಿಯ ಮೊತ್ತ 189ಕ್ಕೆ ನಿಲ್ಲುತ್ತದೆ, 31 ಉಳಿಯುತ್ತದೆ. ಸಂಜೆ ಪಾಠ ಹೇಳಿ ಆ ಬಡ್ಡಿಯ ಒಂದು ತುಣುಕನ್ನಾದರೂ ನಾನು ಕಟ್ಟಬಲ್ಲೆನೇ? ಮೊದಲ ವರ್ಷದ 9 ಸಾಧ್ಯ, ಕೊನೆಯ ವರ್ಷದ 54 ಓದಿನ ಭಾರದಲ್ಲಿ ಕಷ್ಟ. ಈ ಅಂಕಿಗಳನ್ನು ಕಂಡ ದಿನ ಆಪತ್ತಿನ ಲಕೋಟೆಯ ಪಾಲನ್ನು ಹೆಚ್ಚಿಸಿದೆ. ಮೂರು ತಿಂಗಳ ಖರ್ಚಿನಷ್ಟು ಅದರಲ್ಲಿ ಸೇರುವ ತನಕ ಹೊಸ ಸಾಮಾನು ಯಾವುದೂ ಇಲ್ಲ.

ದೊಡ್ಡ ಶುಲ್ಕದ ನೆರಳಿನಲ್ಲಿ ಮರೆಯಾಗುವ ಸಣ್ಣ ಖರ್ಚುಗಳೂ ಇವೆ: ಅರ್ಜಿ ಶುಲ್ಕ, ಸಂದರ್ಶನಕ್ಕೆ ಪ್ರಯಾಣ, ಬಿಳಿ ಕೋಟು, ಇಡೀ ದಿನ ನಿಲ್ಲಲು ತಕ್ಕ ಪಾದರಕ್ಷೆ, ಹೆಪಟೈಟಿಸ್ ಬಿ ಲಸಿಕೆ. ಚಿಕಿತ್ಸಾಲಯದ ದಾದಿ ನೆನಪಿಸದಿದ್ದರೆ ಕೊನೆಯದು ನನಗೆ ಹೊಳೆಯುತ್ತಲೇ ಇರಲಿಲ್ಲ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್. ಆದ್ದರಿಂದ ಹಣವಷ್ಟೇ ಅಲ್ಲ, ತಿಂಗಳನ್ನೂ ಮುಂಚೆಯೇ ಗೊತ್ತುಮಾಡಬೇಕು. ಈ ಪಟ್ಟಿಯಲ್ಲಿ ಸ್ಟೆತೊಸ್ಕೋಪ್ ಈಗ ಗೆರೆ ಹೊಡೆದ ಸಾಲು.

ಯಾರು ಕೊಳ್ಳಬೇಕು? ವೈದ್ಯಕೀಯ ಓದು ಖಚಿತವಾಗಿ ಶುರುವಾಗಲಿದ್ದರೆ ಮಧ್ಯಮ ಬೆಲೆಯ ಎರಡು ಮುಖದ್ದನ್ನು ಧೈರ್ಯವಾಗಿ ಕೊಳ್ಳಿ. ಹನ್ನೆರಡು ಪಾಲಿನದು ಈಗಲೇ ಬೇಡ, ಅದು ಹಿಡಿಯುವ ಸೂಕ್ಷ್ಮಗಳನ್ನು ಗುರುತಿಸುವ ಕಿವಿ ಮೊದಲು ತಯಾರಾಗಬೇಕು. ವೈದ್ಯೆ ತಮ್ಮ ದುಬಾರಿ ಸ್ಟೆತೊಸ್ಕೋಪಿನಲ್ಲಿ ಒಂದು ಮರ್ಮರ ಧ್ವನಿಯನ್ನು ನನಗೆ ಕೇಳಿಸಲು ಪ್ರಯತ್ನಿಸಿದರು, ನನಗೆ ಏನೂ ಕೇಳಲಿಲ್ಲ. ಅವರು ಅದನ್ನು ನನ್ನ ನಾಲ್ಕು ಪಾಲಿನದರಲ್ಲೂ ಸಲೀಸಾಗಿ ಕೇಳಿದರು. ಇನ್ನೂ ನಿರ್ಧರಿಸದವರು ಕಾಗದ ಸುತ್ತಿ ಮೂರು ವಾರ ಕೇಳಿ. ಮನೆಯಲ್ಲಿಟ್ಟು ಕಾಯಿಲೆ ಕಂಡುಹಿಡಿಯುವ ಉದ್ದೇಶವಿದ್ದವರು ಮಾತ್ರ ದಯವಿಟ್ಟು ಕೊಳ್ಳಬೇಡಿ.

ನನ್ನದರ ಎಡಗಿವಿಯ ತುದಿ ಕಳೆದ ವಾರ ಸೀಳಿದೆ. ಪೆಟ್ಟಿಗೆಯ ಹೆಚ್ಚುವರಿ ಜೊತೆಯನ್ನು ಹಾಕಿದ್ದೇನೆ, ಅದು ಸವೆಯುವ ಮೊದಲು ಇನ್ನೊಂದು ಜೊತೆ ಬೇಕು. ಮುಂದಿನ ತಿಂಗಳ ಪುಟದಲ್ಲಿ, ಲಸಿಕೆಯ ಎರಡನೆಯ ಡೋಸಿನ ಕೆಳಗೆ, ಬರೆದಿದ್ದೇನೆ.